ಊರ ಕಸ, ಸಗಣಿ, ಒಣ ದಂಟು ಎಲ್ಲಾ ಇದೆ. ಸುಟ್ಟು ಕರೆಂಟ್ ಮಾಡುವುದಾ, ಗ್ಯಾಸ್ ಮಾಡುವುದಾ?

ತಿಳಿಗಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪಟ್ಟಣ, ಅದರ ಸುತ್ತ ಒಂದಷ್ಟು ಹಳ್ಳಿ, ಇಂಥ ಕಡೆ ಕಸದ ವಿಚಾರದಲ್ಲಿ ಕೆಲಸ ಮಾಡುವ ಗುಂಪು ನಮ್ಮದು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಬಹಳ ಮನೆಗಳಲ್ಲಿ ಇನ್ನೂ ಸೌದೆ ಒಲೆಯೇ. ಇನ್ನೊಂದು ಕಡೆ ಮಾರುಕಟ್ಟೆಯ ಕೊಳೆತ ತರಕಾರಿ, ಮನೆಗಳ ಕಸ ಎಲ್ಲಾ ಊರಾಚೆ ಗುಡ್ಡೆ ಬೀಳುತ್ತಿದೆ, ಕೊಟ್ಟಿಗೆಗಳ ಸಗಣಿ ತಿಪ್ಪೆ ಸೇರುತ್ತಿದೆ, ಸುಗ್ಗಿ ಮುಗಿದ ಮೇಲೆ ದಂಟು ಹುಲ್ಲನ್ನು ಹೊಲದಲ್ಲೇ ಸುಟ್ಟುಬಿಡುತ್ತಾರೆ. ಆ ಹೊಗೆ ಕುಡಿಯುವವರೂ ನಾವೇ.

ಈಗ ಒಂದು ಕಂಪನಿ ಪುರಸಭೆಯ ಮುಂದೆ ಪ್ರಸ್ತಾವ ಇಟ್ಟಿದೆ. ಎಲ್ಲಾ ಕಸ ಒಟ್ಟಿಗೆ ತಂದು ಸುರಿಯಿರಿ, ಬೇರ್ಪಡಿಸುವ ತಲೆನೋವೇ ಬೇಡ, ನಾವು ಸುಟ್ಟು ಕರೆಂಟ್ ಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮಲ್ಲೇ ಕೆಲವರು ಗೋಬರ್ ಗ್ಯಾಸ್ ಸಾಕು ಅನ್ನುತ್ತಾರೆ, ಇನ್ನು ಕೆಲವರಿಗೆ ಹೊಟ್ಟಿನಿಂದ ನಡೆಯುವ ಗ್ಯಾಸಿಫೈಯರ್ (ಹೊಟ್ಟನ್ನು ಅರೆಬರೆ ಸುಟ್ಟು ಗ್ಯಾಸ್ ಮಾಡುವ ಯಂತ್ರ) ಬೇಕು. ಯಾವುದು ಹತ್ತು ವರ್ಷ ನಿಲ್ಲುತ್ತದೆ? ಈ ಕೆಲಸ ಹತ್ತಿರದಿಂದ ಬಲ್ಲವರು ದಯವಿಟ್ಟು ಹೇಳಿ. ಉದ್ಘಾಟನೆ ಆಗಿ ಆರು ತಿಂಗಳಿಗೆ ಬಾಗಿಲು ಹಾಕುವ ಘಟಕ ಮಾತ್ರ ಬೇಡ.

ಒಲೆಬೂದಿ

ಸುಡುವ ಘಟಕದ ಬಗ್ಗೆ ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರು ಬರೆಯಲಿ. ಮೊದಲು ನಿಮ್ಮ ಕಸದಲ್ಲಿ ನೀರು ಎಷ್ಟಿದೆ ನೋಡಿ. ಬಡ ದೇಶಗಳ ಊರ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ ಇರುತ್ತದೆ. ಅದನ್ನು ಒಲೆಗೆ ಹಾಕಿದರೆ ಹುಟ್ಟುವ ಕಾವಿನಲ್ಲಿ ದೊಡ್ಡ ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ವಿಶ್ವಬ್ಯಾಂಕ್ ಇದಕ್ಕೆ ಒಂದು ಲೆಕ್ಕ ಕೊಟ್ಟಿದೆ. ಒಂದು ಕೆಜಿ ಕಸದಲ್ಲಿ ವರ್ಷದ ಸರಾಸರಿ 7 ಮೆಗಾಜೂಲ್ ಶಕ್ತಿ ಇರಬೇಕು, ಯಾವ ಕಾಲದಲ್ಲೂ 6ಕ್ಕಿಂತ ಕೆಳಗೆ ಇಳಿಯಬಾರದು. ಮಳೆಗಾಲದ ಮಾರುಕಟ್ಟೆ ಕಸ ಇಷ್ಟು ಕೊಡುವುದು ಕಷ್ಟ.

ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ಕರೆಂಟ್ ಮಾಡುವ ಘಟಕ ಕಟ್ಟಿದರು. ಯಂತ್ರ ಡೆನ್ಮಾರ್ಕಿನದು, ಕಸ ದೆಹಲಿಯದು. ಯಂತ್ರ ಕೇಳಿದಷ್ಟು ಶಕ್ತಿ ಆ ಕಸದಲ್ಲಿ ಇರಲಿಲ್ಲ, ಪ್ರಯೋಗದ ಹಂತದಲ್ಲೇ ನಿಂತುಹೋಯಿತು. ಅಲ್ಲಿ ಮೊದಲೇ ವಿಂಗಡಣೆ ಆಗಿ ಮಾರುವಂಥ ಕಾಗದ, ಪ್ಲಾಸ್ಟಿಕ್ ಎಲ್ಲಾ ಹೊರಗೆ ಹೋಗಿರುತ್ತದೆ, ಕೊನೆಗೆ ಉಳಿಯುವುದು ಹಸಿ ಮತ್ತು ಮಣ್ಣು. ಉರಿಯುವುದು ಯಾವುದು?

ಇಥಿಯೋಪಿಯಾದ ರಾಜಧಾನಿ ಅಡ್ಡಿಸ್ ಅಬಾಬಾದ ರೆಪ್ಪಿಯಲ್ಲಿ 2018ರಲ್ಲಿ ಆಫ್ರಿಕಾದ ದೊಡ್ಡ ಸುಡುವ ಘಟಕ ಶುರುವಾಯಿತು, ದಿನಕ್ಕೆ ಸುಮಾರು 1,400 ಟನ್ ಕಸಕ್ಕೆಂದು ಕಟ್ಟಿದ್ದು. ಅದರ ಹಿಂದಿನ ವರ್ಷವಷ್ಟೇ ಅದೇ ಊರಿನ ಕೋಶೆ ಕಸದ ಗುಡ್ಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು, ಹಾಗಾಗಿ ಏನಾದರೂ ಮಾಡಲೇಬೇಕಿತ್ತು, ಅದು ಅರ್ಥವಾಗುತ್ತದೆ. ಆದರೆ ಅಳತೆ ಗಮನಿಸಿ. ಹೊಗೆ ಸೋಸುವ ಯಂತ್ರ, ಹೊಗೆಯಲ್ಲಿ ಬರುವ ಡಯಾಕ್ಸಿನ್ ಎಂಬ ವಿಷದ ಪರೀಕ್ಷೆ, ಹಾರುಬೂದಿಯನ್ನು ಜೋಪಾನವಾಗಿ ಹೂಳುವ ಜಾಗ, ಇವೆಲ್ಲ ಸಣ್ಣ ಊರಿನ ಕೈಗೆ ಎಟುಕುವುದಿಲ್ಲ. ಹೊಗೆ ಸೋಸದೆ ಸುಟ್ಟರೆ ಬಯಲಲ್ಲಿ ಸುಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? 'ಬೇರ್ಪಡಿಸುವುದೇ ಬೇಡ' ಎನ್ನುವ ಮಾತು ಬಂದ ಕಡೆ ನಾನಂತೂ ಸಹಿ ಹಾಕುವುದಿಲ್ಲ.

ಗೊಬ್ಬರಗುಂಡಿ

ಒಲೆಬೂದಿ ಅವರು ಸರಿಯಾಗಿ ಹೇಳಿದ್ದಾರೆ. ಹಸಿ ಇದ್ದದ್ದು ಗುಂಡಿಗೆ, ಒಣ ಇದ್ದದ್ದು ಒಲೆಗೆ. ನೀರಿರುವ ಕಸಕ್ಕೆ ಬಯೋಗ್ಯಾಸೇ ದಾರಿ, ಯಾಕಂದರೆ ಅಲ್ಲಿ ನೀರು ತೊಂದರೆಯಲ್ಲ, ಬೇಕೇ ಬೇಕು. ಗಾಳಿ ಆಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕರಗಿಸಿ ಗ್ಯಾಸ್ ಮಾಡುತ್ತವೆ. ಅದರಲ್ಲಿ ನೂರಕ್ಕೆ ಸುಮಾರು 50ರಿಂದ 70 ಭಾಗ ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. 25 ಕೆಜಿ ಹಸಿ ಸಗಣಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಒಂದು ಘನ ಮೀಟರ್ ಅಂದರೆ ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ ಎಲ್‌ಪಿಜಿ ಎಂದುಕೊಳ್ಳಿ.

ಈಗ ಮುಖ್ಯ ಮಾತು. ಈ ಗ್ಯಾಸನ್ನು ಕರೆಂಟ್ ಮಾಡಬೇಕೋ, ಹಾಗೇ ಒಲೆಗೆ ಕೊಡಬೇಕೋ? ಒಂದು ಟನ್ ಒಳ್ಳೆಯ ಹಸಿ ಕಸದಿಂದ 70 ಘನ ಮೀಟರ್ ಗ್ಯಾಸ್ ಬಂತು ಅನ್ನಿ. ಸಣ್ಣ ಇಂಜಿನ್‌ಗೆ ಹಾಕಿದರೆ ಸುಮಾರು 100 ಯೂನಿಟ್ ಕರೆಂಟ್ ಸಿಗುತ್ತದೆ, ಶಕ್ತಿಯ ಮುಕ್ಕಾಲು ಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ. ಅದೇ ಗ್ಯಾಸ್ ನೇರ ಒಲೆಗೆ ಹೋದರೆ ಐದಾರು ಜನರಿರುವ ಸುಮಾರು 35 ಮನೆಗಳಿಗೆ ಒಂದು ದಿನದ ಅಡುಗೆ ಆಗುತ್ತದೆ. ಆ ಮನೆಗಳ ಹೆಂಗಸರು ಸೌದೆ ಹೊರುವುದು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವುದು ತಪ್ಪುತ್ತದೆ. ದೀಪಕ್ಕೆ ಸೋಲಾರ್ ಇದೆ. ಒಲೆಗೆ ಸೋಲಾರ್ ಅಷ್ಟು ಸುಲಭವಲ್ಲ. ಹಾಗಾಗಿ ಮೊದಲು ಒಲೆ, ಆಮೇಲೆ ಕರೆಂಟ್ ಎನ್ನುವುದು ನನ್ನ ಪಾಲಿಸಿ.

ಆದರೆ ಇದಕ್ಕೆ ಉಲ್ಟಾ ಆದ ಊರೂ ಇದೆ, ಅದನ್ನೂ ಹೇಳಬೇಕು. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡುತ್ತಿದ್ದ ಅಸ್ತ್ರ ತಂಡ, ಎ.ಕೆ.ಎನ್. ರೆಡ್ಡಿ ಮತ್ತು ಜೊತೆಯವರು, ಇಡೀ ಊರಿಗೆ ಸೇರಿ ಸಾಮೂಹಿಕ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲು ಅಡುಗೆಗೆ ಗ್ಯಾಸ್ ಕೊಡುವ ಯೋಚನೆ. ಎಲ್ಲರ ಅಡುಗೆಗೆ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಆಮೇಲೆ ಜನರ ಜೊತೆ ಮಾತಾಡಿ 1987ರಲ್ಲಿ ಅದೇ ಗ್ಯಾಸಿನಿಂದ ಡೀಸೆಲ್ ಇಂಜಿನ್ ಓಡಿಸಿ ಕೊಳವೆಬಾವಿ ನೀರು ಮತ್ತು ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕ ಮಾಡಿ ಕೂಲಿ ಕೊಡುತ್ತಿದ್ದರು, ಗ್ಯಾಸ್ ಬಂದ ಮೇಲೆ ಉಳಿಯುವ ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಕೊಡುತ್ತಿದ್ದರು. ಇದು ಹಲವು ವರ್ಷ ನಡೆಯಿತು. ನೋಡಿ, ಗ್ಯಾಸ್ ಮಾಡುವ ರೀತಿ ಬದಲಾಗಲಿಲ್ಲ, ಏನು ಕೊಡಬೇಕು ಅನ್ನುವುದು ಬದಲಾಯಿತು. ಮನೆಬಾಗಿಲಿಗೆ ನೀರು ಬಂದರೆ ಎಲ್ಲರಿಗೂ ಲಾಭ, ಒಂದು ಹಸು ಕೂಡ ಇಲ್ಲದ ಮನೆಗೂ.

ಬಗ್ಗಡವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲೇ. ಸಗಣಿಯಲ್ಲಿದ್ದ ಸಾರಜನಕ, ರಂಜಕ ಹೆಚ್ಚುಕಡಿಮೆ ಎಲ್ಲವೂ ಅದರಲ್ಲೇ ಉಳಿದಿರುತ್ತದೆ. ಬೆರಣಿ ತಟ್ಟಿ ಸುಟ್ಟರೆ ಸಾರಜನಕ ಹೊಗೆಯ ಜೊತೆ ಹೋಯಿತು. ಗುಂಡಿಗೆ ಹಾಕಿದರೆ ಒಲೆಯೂ ಉರಿಯಿತು, ಗೊಬ್ಬರವೂ ಉಳಿಯಿತು. ರೈತರಿಗೆ ಗ್ಯಾಸಿಗಿಂತ ಇದೇ ದೊಡ್ಡ ಆಸೆ ಆಗಬಹುದು.

ಬಣವೆ

ಒಣ ದಂಟು, ಹೊಟ್ಟಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ದಂಟು, ಹೊಟ್ಟು, ಕಟ್ಟಿಗೆ ಇವುಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಜಾಸ್ತಿ. ಗೋಬರ್ ಗ್ಯಾಸ್ ಗುಂಡಿಯ ಜೀವಿಗಳಿಗೆ ಅದು ಕರಗುವುದಿಲ್ಲ, ಮೇಲೆ ತೇಲಿ ಕೆನೆಗಟ್ಟಿ ಗುಂಡಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಇವಕ್ಕೆ ಬೇರೆ ದಾರಿ.

ಭತ್ತದ ತೂಕದಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟು. ಬಿಹಾರದಲ್ಲಿ 2007-08ರ ಹೊತ್ತಿಗೆ ಹಸ್ಕ್ ಪವರ್ ಸಿಸ್ಟಮ್ಸ್ ಎಂಬ ಸಂಸ್ಥೆ ಹೊಟ್ಟಿನ ಗ್ಯಾಸಿಫೈಯರ್ ಇಟ್ಟು ಕರೆಂಟೇ ಇಲ್ಲದ ಹಳ್ಳಿಗಳಿಗೆ ದೀಪ ಕೊಟ್ಟಿತು. ಗಾಳಿ ಕಮ್ಮಿ ಬಿಟ್ಟು ಹೊಟ್ಟನ್ನು ಅರೆಬರೆ ಸುಟ್ಟರೆ ಉರಿಯುವ ಗ್ಯಾಸ್ ಬರುತ್ತದೆ, ಅದನ್ನು ತಣ್ಣಗೆ ಮಾಡಿ, ಸೋಸಿ ಇಂಜಿನ್‌ಗೆ ಬಿಡುವುದು. ಒಂದು ಯೂನಿಟ್‌ಗೆ ಒಂದೂವರೆಯಿಂದ ಎರಡು ಕೆಜಿ ಹೊಟ್ಟು ಬೇಕು. ತೊಂದರೆ ಏನೆಂದರೆ ಟಾರ್. ಕಪ್ಪಗೆ ಅಂಟು ಅಂಟಾಗಿ ಪೈಪು, ವಾಲ್ವಿಗೆ ಹಿಡಿಯುತ್ತದೆ. ದಿನಾ ಬಿಚ್ಚಿ ತೊಳೆಯುವ ಕೈ ಇಲ್ಲದಿದ್ದರೆ ಇಂಜಿನ್ ಕೆಲವೇ ತಿಂಗಳಿಗೆ ಕೂರುತ್ತದೆ. ಟಾರ್ ಬೆರೆತ ಆ ತೊಳೆದ ನೀರನ್ನು ಎಲ್ಲಿ ಬಿಡುತ್ತೀರಿ ಅನ್ನುವುದನ್ನೂ ಮೊದಲೇ ಕೇಳಿ. ಅದೇ ಸಂಸ್ಥೆ ಆಮೇಲೆ ಸೋಲಾರ್ ಜೊತೆ ಸೇರಿಸಿ ನಡೆಸತೊಡಗಿತು, ಹಗಲು ಬಿಸಿಲಿದ್ದಾಗ ಹೊಟ್ಟು ಸುಡುವುದೇಕೆ ಅಲ್ವಾ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಇವತ್ತು ಪುಕ್ಕಟೆ ಸಿಗುವ ಹೊಟ್ಟಿಗೆ ನಾಳೆ ಕೊಳ್ಳುವವರು ಹುಟ್ಟಿದ ಕೂಡಲೇ ಬೆಲೆ ಬರುತ್ತದೆ. ಇಟ್ಟಿಗೆ ಗೂಡಿನವರೂ, ದನ ಸಾಕುವವರೂ, ನೀವೂ ಒಂದೇ ರಾಶಿಯ ಮುಂದೆ ನಿಲ್ಲುತ್ತೀರಿ. 'ಕಚ್ಚಾವಸ್ತು ಉಚಿತ' ಎಂದು ಬರೆದ ಯೋಜನಾ ವರದಿಯನ್ನು ನಂಬಬೇಡಿ. ದಂಟನ್ನು ಪೂರ್ತಿ ಎತ್ತಿಬಿಟ್ಟರೆ ಮಣ್ಣಿಗೇನು ಉಳಿಯುತ್ತದೆ ಅನ್ನುವುದೂ ಇದೆ. ಒಂದು ಪಾಲು ಹೊಲದಲ್ಲೇ ಬಿಡಬೇಕು. ಕರೆಂಟೇ ಬೇಕೆಂದಿಲ್ಲ ಅಂದರೆ ಒತ್ತಿ ಬ್ರಿಕೆಟ್ (ಉರುವಲಿನ ಗಟ್ಟಿ ತುಂಡು) ಮಾಡುವುದು ಸುಲಭ, ಸಣ್ಣ ಕಾರ್ಖಾನೆಯ ಬಾಯ್ಲರ್‌ಗಳಿಗೆ ಹೋಗುತ್ತದೆ.

ತಿಳಿಗಾಳಿ

ತುಂಬಾ ಉಪಕಾರ. ನಮಗೆ ಬೇಕಾಗಿದ್ದದ್ದು ಇಂಥ ಉತ್ತರವೇ. ಇನ್ನೆರಡು ಸಂದೇಹ. ಗೊಬ್ಬರಗುಂಡಿ ಸರ್, ಮಾರುಕಟ್ಟೆ ಕಸ ಹಾಕಿದ ಘಟಕ ಹುಳಿ ಬಂದು ಗ್ಯಾಸ್ ನಿಂತುಹೋಗುತ್ತದೆ ಎಂದು ಕೇಳಿದ್ದೇನೆ, ನಿಜವೇ? ಎರಡನೆಯದು, ಕಸದ ಗುಡ್ಡೆಯಲ್ಲಿ ಪ್ಲಾಸ್ಟಿಕ್, ಲೋಹ ಆಯ್ದು ಬದುಕುವ ಕುಟುಂಬಗಳಿವೆ. ಘಟಕ ಬಂದರೆ ಅವರ ಗತಿ?

ಗೊಬ್ಬರಗುಂಡಿ

ನಿಜ. ಸಗಣಿಯಲ್ಲಿ ಬೇಕಾದ ಜೀವಿಗಳು ದನದ ಹೊಟ್ಟೆಯಿಂದಲೇ ಬಂದಿರುತ್ತವೆ, ಹುಳಿ ತಡೆಯುವ ಶಕ್ತಿಯೂ ಇರುತ್ತದೆ. ಅನ್ನ, ಹಣ್ಣು ಬೇಗ ಕೊಳೆತು ಆಮ್ಲವಾಗುತ್ತದೆ, ಆಮ್ಲವನ್ನು ಮೀಥೇನ್ ಮಾಡುವ ಜೀವಿಗಳು ನಿಧಾನ. ಒಮ್ಮೆಗೇ ಜಾಸ್ತಿ ಸುರಿದರೆ ಆಮ್ಲ ಗೆಲ್ಲುತ್ತದೆ. ಹಾಗಾಗಿ ಮೊದಲು ಪೂರ್ತಿ ಸಗಣಿಯಿಂದ ಶುರು ಮಾಡಿ, ಗ್ಯಾಸ್ ನೀಲಿಯಾಗಿ ಉರಿಯತೊಡಗಿದ ಮೇಲೆ ವಾರಗಟ್ಟಲೆ ಸಮಯ ತೆಗೆದುಕೊಂಡು ಹಸಿ ಕಸ ಏರಿಸಿ, ಕಡೆಯವರೆಗೂ ಒಂದಿಷ್ಟು ಸಗಣಿ ಸೇರಿಸುತ್ತಲೇ ಇರಿ. ಹುಳಿ ಅಳೆಯುವ ಪಿಎಚ್ 6.8ಕ್ಕಿಂತ ಇಳಿದರೆ (ಇಳಿದಷ್ಟೂ ಹುಳಿ ಜಾಸ್ತಿ) ಕಸ ಹಾಕುವುದು ನಿಲ್ಲಿಸಿ ಕಾಯಿರಿ. ಚಳಿ ಊರಾದರೆ ಗುಂಡಿ ನೆಲದೊಳಗೇ ಇರಲಿ, ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸು ಇಷ್ಟ.

ಗ್ಯಾಸ್ ಮಿಕ್ಕಿದರೆ ಸುಮ್ನೆ ಗಾಳಿಗೆ ಬಿಡಬೇಡಿ, ಸುಟ್ಟುಬಿಡಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಕಾವು ಹಿಡಿಯುತ್ತದೆ. ಮತ್ತೆ ರಿಪೇರಿಗೆಂದು ಯಾರೂ ಗುಂಡಿಯೊಳಗೆ ಇಳಿಯಕೂಡದು. ಅಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಇರುತ್ತದೆ. ಒಬ್ಬರು ಬಿದ್ದರೆಂದು ಉಳಿಸಲು ಇಳಿದವರೂ ಸಾಯುತ್ತಾರೆ. ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ.

ಚೀಲದಕ್ಕ

ಕಸ ಆಯುವವರ ಜೊತೆ ಓಡಾಡುವವಳು ನಾನು, ಆ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಎಲ್ಲಾ ಕಸ ಸುಡುವ ಕಂಪನಿಗೆ ಬೇಕಾಗಿರುವುದು ಇವರು ಆಯುವ ಕಾಗದ, ಪ್ಲಾಸ್ಟಿಕ್ಕೇ, ಚೆನ್ನಾಗಿ ಉರಿಯುವುದು ಅದೊಂದೇ. ಇಪ್ಪತ್ತು ವರ್ಷದ ಒಪ್ಪಂದದಲ್ಲಿ ದಿನಕ್ಕಿಷ್ಟು ಟನ್ ಕೊಡಲೇಬೇಕು ಎಂದು ಬರೆಸಿಕೊಂಡರೆ ಇವರ ಅನ್ನ ಹೋಯಿತು, ಊರು ಕಸ ಕಮ್ಮಿ ಮಾಡುವ ದಾರಿಯೂ ಮುಚ್ಚಿತು. ಆ ಸಾಲನ್ನು ಒಪ್ಪಂದದಲ್ಲಿ ಹುಡುಕಿ ನೋಡಿ.

ಬಯೋಗ್ಯಾಸ್‌ಗೆ ಹಾಗಲ್ಲ. ಅದಕ್ಕೆ ಪ್ಲಾಸ್ಟಿಕ್ ಇಲ್ಲದ ಹಸಿ ಕಸ ಬೇಕು, ಇವರಿಗೆ ಕೊಳೆ ಹತ್ತದ ಒಣ ಕಸ ಬೇಕು. ಮನೆಬಾಗಿಲಲ್ಲೇ ಬೇರೆ ಬೇರೆ ಎತ್ತಿದರೆ ಇಬ್ಬರಿಗೂ ಆಯಿತು. ಪುಣೆಯಲ್ಲಿ ಆಯುವವರದೇ ಸಹಕಾರ ಸಂಘ ಸ್ವಚ್ಛ್, 2008ರಿಂದ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಎತ್ತುತ್ತಿದೆ. ಕೊಲಂಬಿಯಾದ ಬೊಗೋಟಾದಲ್ಲಿ ನ್ಯಾಯಾಲಯದ ತನಕ ಹೋರಾಡಿ 2013ರಿಂದ ಎತ್ತಿದ ತೂಕಕ್ಕೆ ನಗರವೇ ಹಣ ಕೊಡುವಂತೆ ಮಾಡಿಸಿಕೊಂಡರು. ಯಾವ ಓಣಿಯ ಕಸ ಹೇಗಿರುತ್ತದೆ ಎಂದು ಇವರಿಗಿಂತ ಚೆನ್ನಾಗಿ ಯಾವ ಇಂಜಿನಿಯರಿಗೆ ಗೊತ್ತು? ಕೂಲಿ, ಕೈಗವಸು, ಗುರುತಿನ ಚೀಟಿ ಕೊಟ್ಟು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ.

ಬಣವೆ

ಒಂದು ಸೇರಿಸುತ್ತೇನೆ. ನೇಪಾಳದಲ್ಲಿ 1992ರಿಂದ ನಡೆದ ಬಯೋಗ್ಯಾಸ್ ಕಾರ್ಯಕ್ರಮದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮನೆ ಘಟಕಗಳು ಆದವು. ಸಬ್ಸಿಡಿ ಬೇಕಾದರೆ ಕಟ್ಟುವವರು ಗುಣಮಟ್ಟಕ್ಕೆ, ಕಟ್ಟಿದ ಮೇಲಿನ ರಿಪೇರಿಗೆ ಹೊಣೆ ಹೊರಬೇಕಿತ್ತು. ಕಟ್ಟಿ ಹೋದವರು ತಿರುಗಿ ನೋಡದ ಕಡೆಯೆಲ್ಲ ಘಟಕ ಪಾಳುಬಿದ್ದದ್ದೇ ಜಾಸ್ತಿ. ರಿಪೇರಿ ಯಾರದು ಎಂದು ಬರಹದಲ್ಲಿ ತೆಗೆದುಕೊಳ್ಳಿ.

ತಿಳಿಗಾಳಿ

ಮುಂದಿನ ಸಭೆಗೆ ಮೂರು ವಿಷಯ ಇಡುತ್ತೇವೆ. ಕಂಪನಿಯವರು ನಮ್ಮ ಕಸದ ಶಕ್ತಿ ಅಳೆದ ವರದಿ ತೋರಿಸಬೇಕು, ಟನ್ ಖಾತರಿ ಕೊಡುವ ಸಾಲು ತೆಗೆಯಬೇಕು, ಅದಕ್ಕಿಂತ ಮೊದಲು ಮಾರುಕಟ್ಟೆ ಕಸ ಮತ್ತು ಸಗಣಿಯಿಂದ ಒಂದು ಟನ್‌ನ ಘಟಕ ಮಾಡಿ, ಗ್ಯಾಸನ್ನು ಶಾಲೆಯ ಅಡುಗೆಮನೆಗೂ ಅಕ್ಕಪಕ್ಕದ ಮನೆಗಳಿಗೂ ಕೊಡಬೇಕು. ಆಯುವವರ ಕಡೆಯಿಂದ ಇಬ್ಬರು ಸಭೆಗೆ ಬರುತ್ತಾರೆ, ನಾಳೆಯೇ ಹೋಗಿ ಕರೆಯುತ್ತೇವೆ.

ಒಲೆಬೂದಿ

ಚೆನ್ನಾಗಿದೆ. ವರದಿಯಲ್ಲಿ ಮಾದರಿ ಯಾವ ತಿಂಗಳು ತೆಗೆದದ್ದು ಎಂದು ನೋಡಿ. ಬೇಸಿಗೆಯದು ಮಾತ್ರ ಇದ್ದರೆ ಮಳೆಗಾಲದ್ದೂ ಕೇಳಿ. ಗ್ಯಾಸ್ ಘಟಕಕ್ಕೂ ಅಷ್ಟೇ, ಮಾರುಕಟ್ಟೆಗೆ ರಜೆ ಇರುವ ದಿನ ತೊಟ್ಟಿಗೆ ಏನು ಹಾಕುತ್ತೀರಿ ಎಂದು ಈಗಲೇ ಬರೆದಿಟ್ಟುಕೊಳ್ಳಿ.