ಮನೆ, ಅಂಗಳಕ್ಕೆ ಉಣುಗು-ಚಿಗಟದ ಔಷಧಿ ಹೊಡೆಸಬೇಕು. ಯಾರನ್ನು ಕರೆಸಲಿ?

ಹೊಸನಗರದ ಸೊಸೆ ಕೇಳಿದ್ದು:

ನಮ್ಮದು ಹೊಸನಗರ ಕಡೆ ಹಳೇ ಹಂಚಿನ ಮನೆ. ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕಕ್ಕೆ ಕೊಟ್ಟಿಗೆ, ಹಿಂದೆ ತೋಟ, ಅದರಾಚೆ ಕಾಡು. ಒಂದು ನಾಯಿ, ಎರಡು ಬೆಕ್ಕು ಇವೆ. ಈ ಸಲ ಉಣುಗು ಜಗಲಿ ದಾಟಿ ಒಳಗೇ ಬಂದುಬಿಟ್ಟಿವೆ. ನಿನ್ನೆ ನಡುಮನೆಯ ಕ್ಯಾಲೆಂಡರ್ ಎತ್ತಿದರೆ ಹಿಂದೆ ಗೋಡೆಗೆ ಅಂಟಿಕೊಂಡು ಸಾಲಾಗಿ ಕೂತಿದ್ದವು. ಒಂದೆರಡು ಹರಳುಬೀಜದಷ್ಟು ಊದಿದ್ದವು. ಬೆಕ್ಕಿನ ಮೈಯಲ್ಲಿ ಚಿಗಟ ಬೇರೆ. ಮಗಳು ಈಗ ತಾನೇ ಅಂಬೆಗಾಲಿಡುತ್ತಿದ್ದಾಳೆ, ನೆಲಕ್ಕೆ ಬಿಡೋಕೆ ಭಯ.

ಶಿವಮೊಗ್ಗದ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಏನೂ ವಿಚಾರಿಸದೆ "ಪೂರ್ತಿ ಜಾಗಕ್ಕೆ ಹೊಡೀತೀವಿ ಮೇಡಂ, ಒಂದೇ ಸಲಕ್ಕೆ ಕ್ಲಿಯರ್" ಎಂದರು. ಇನ್ನೊಬ್ಬರು ಹೇಳಿದ ರೇಟು ದುಪ್ಪಟ್ಟು. ಆದರೆ ನಾಯಿ ಎಲ್ಲಿ ಮಲಗುತ್ತೆ, ಮಕ್ಕಳಿದ್ದಾರಾ, ಬಾವಿ ಎಷ್ಟು ದೂರ ಅಂತೆಲ್ಲ ಕೇಳಿದರು. ಎರಡು ಸಲ ಬರಬೇಕಾಗುತ್ತೆ ಎಂದರು. ಅತ್ತೆಯವರಿಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಹೆದರಿಕೆ, ತೋಟಕ್ಕೂ ಸೇರಿಸಿ ಹೊಡೆಸಿಬಿಡು ಅಂತಾರೆ. ಏನು ಮಾಡಲಿ?

ತೀರ್ಥಹಳ್ಳಿಯವ:

ಎರಡನೆಯವರೇ ಸರಿ. ನಮ್ಮಲ್ಲಿ ಒಂದು ಸಲ ಹೊಡೆಸಿ ಹದಿನೈದು ದಿನಕ್ಕೆ ಮತ್ತೆ ಶುರುವಾಗಿತ್ತು. ಫೋನ್ ಮಾಡಿದರೆ ಆ ಕಡೆಯವರು ಎತ್ತಲೇ ಇಲ್ಲ. ಎರಡನೇ ಭೇಟಿಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಹಳೇ ಸ್ಪ್ರೇಯರ್:

ಅಕ್ಕಾ, ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡಿಕೊಂಡಿದ್ದವನು. ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ, ಹಾಗಾಗಿ ಯಾರ ಪರವೂ ಅಲ್ಲ. ಮಗು ಇರುವ ಮನೆ ಅಂದಿರಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಕ್ಯಾಲೆಂಡರ್ ಹಿಂದೆ ನೀವು ಕಂಡದ್ದು ನಾಯಿ ಉಣುಗು. ಅದು ಮನೆಯೊಳಗೇ ಸಂಸಾರ ಹೂಡುತ್ತದೆ. ನಾಯಿಯ ರಕ್ತ ಕುಡಿದು ಉದುರುತ್ತದೆ, ಗೋಡೆ ಹತ್ತುತ್ತದೆ, ಬಿರುಕು ಸಿಕ್ಕಲ್ಲಿ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಇಡುತ್ತದೆ. ಮೊಟ್ಟೆಯೊಡೆದು ಬಂದವು ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. ಮಂಗನ ಕಾಯಿಲೆ ತರುವುದು ಇದಲ್ಲ, ಕಾಡಿನ ಉಣುಗು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಅದೇ ಕಾಯಿಲೆಗೆ ಹಲವರು ಸತ್ತದ್ದು ಎಲ್ಲರಿಗೂ ನೆನಪಿದೆ. ಅತ್ತೆಯವರ ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ತೋಟಕ್ಕೆಲ್ಲ ಹೊಡೆಸುವುದು ದಾರಿಯಲ್ಲ. ಕಾಡು ಪಕ್ಕದಲ್ಲೇ ಇರುವಾಗ ಮತ್ತೆ ಬರುತ್ತವೆ. ಜೇನು ಸಾಯುತ್ತದೆ, ಔಷಧಿ ಹಳ್ಳ ಸೇರಿದರೆ ಮೀನೂ ಸಾಯುತ್ತದೆ.

ಮಳೆ ಮುಗಿದ ಮೇಲಿಂದ ಬೇಸಿಗೆ ಮುಗಿಯುವವರೆಗೆ ಕಾಡಿನ ತರಗೆಲೆಯಲ್ಲಿ ಈ ಉಣುಗಿನ ಮರಿಗಳು ಜಾಸ್ತಿ. ಆ ತಿಂಗಳುಗಳಲ್ಲಿ ಕಾಡಿನ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸಬೇಡಿ. ಕಾಡಿಗೆ ಹೋಗುವವರು ಉಣುಗು ಹತ್ತಿರ ಬರದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಲಿ, ಆಶಾ ಕಾರ್ಯಕರ್ತೆಯನ್ನು ಕೇಳಿ. ಬಂದವರೇ ಬಿಸಿನೀರು ಸ್ನಾನ ಮಾಡಬೇಕು, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು ಬಂದರೆ ಮನೆಮದ್ದು ಅಂತ ಕೂರಬೇಡಿ.

ಈಗ ಮನೆಯೊಳಗಿನ ಕೆಲಸ. ಸರಿಯಾದ ಮನುಷ್ಯ ಬಂದ ಕೂಡಲೇ ಪಂಪು ಇಳಿಸುವುದಿಲ್ಲ, ಟಾರ್ಚ್ ಹಿಡಿಯುತ್ತಾನೆ. ಮುಚ್ಚಿಗೆಯ ಸಂದು, ಬಾಗಿಲವಾಡದ ಹಿಂದೆ, ಮಣ್ಣಿನ ಗೋಡೆಯ ಬಿರುಕು, ನಾಯಿ ಮಲಗುವ ಗೋಣಿಚೀಲದ ಕೆಳಗೆ, ಫೋಟೋಗಳ ಹಿಂದೆ ನೋಡುತ್ತಾನೆ. ಔಷಧಿ ಹೋಗಬೇಕಾದ್ದು ಅಲ್ಲಿಗೇ, ಸಂದಿಗೆ ಗೆರೆ ಎಳೆದ ಹಾಗೆ. ಮಗು ಹರಿದಾಡುವ ನೆಲದ ನಡುವೆ ಸುಮ್ನೆ ಚೆಲ್ಲಾಡಿದರೆ ಉಣುಗಿಗೂ ತಾಗುವುದಿಲ್ಲ. ಹೊರಗೆ ಜಗಲಿಯ ಅಂಚು, ನಾಯಿ ಗೂಡಿನ ಸುತ್ತ, ಕೊಟ್ಟಿಗೆ ಗೋಡೆಯ ಬುಡ ಸಾಕು. ಬಾವಿಯ ಹತ್ತಿರ ಬೇಡವೇ ಬೇಡ, ಅದರ ಬಾಯಿ ಮುಚ್ಚಿಡಿ. ಅಡಿಕೆ ಹರಡಿದ್ದರೆ ಎಲ್ಲಾ ಎತ್ತಿದ ಮೇಲೇ ಕರೆಸಿ.

"ಒಂದೇ ಸಲಕ್ಕೆ ಕ್ಲಿಯರ್" ಅನ್ನುವವರನ್ನು ನಂಬಬೇಡಿ. ಚಿಗಟದ ಮರಿ ಗೂಡು ಕಟ್ಟಿಕೊಂಡು ಒಳಗೆ ಕೂತಿರುವಾಗ ಯಾವ ಔಷಧಿಯೂ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಆಮೇಲೆ ಯಾರಾದರೂ ಓಡಾಡಿದ ಅದುರಿಗೇ ಹೊರಗೆ ಹಾರುತ್ತದೆ. ಅದಕ್ಕೇ ಎರಡನೇ ಸಲ ಬರಬೇಕಾದ್ದು. ನಡುವೆ ದಿನಾ ಮೂಲೆ ಮೂಲೆ ಗುಡಿಸಿ, ಬೆಕ್ಕು ಮಲಗುವ ಬಟ್ಟೆ ಬಿಸಿನೀರಿಗೆ ಹಾಕಿ.

ಲೈಸೆನ್ಸ್ ತೋರಿಸಿ ಅನ್ನಲು ಸಂಕೋಚ ಬೇಡ. 1968ರ ಕೀಟನಾಶಕ ಕಾಯ್ದೆ ಪ್ರಕಾರ ಈ ಕೆಲಸಕ್ಕೆ ಲೈಸೆನ್ಸ್ ಬೇಕು. ಸೀಲ್ ಇರುವ ಬಾಟಲಿ ನಿಮ್ಮೆದುರೇ ಒಡೆಯಲಿ, ಔಷಧಿಯ ಹೆಸರು ಬಿಲ್ಲಿನಲ್ಲಿರಲಿ. ಪರ್ಮೆಥ್ರಿನ್ ಇದೆಯಾ ಅಂತ ಮರೆಯದೆ ಕೇಳಿ, ಬೆಕ್ಕಿಗೆ ಅದು ವಿಷ.

ಸಾಗರದ ನಾಯಿಯಮ್ಮ:

ಮೇಲಿನವರು ನಾಯಿಯ ವಿಷಯ ಬಿಟ್ಟಿದ್ದಾರೆ. ಗೋಡೆಗೆ ಹೊಡೆಸಿ ನಾಯಿಗೆ ಏನೂ ಮಾಡದಿದ್ದರೆ ದುಡ್ಡು ದಂಡ. ಅದೇ ದಿನ ನಾಯಿಗೂ ಔಷಧಿ ಆಗಬೇಕು. ಫ್ಲುರಾಲನರ್ ಮಾತ್ರೆ ತೂಕ ನೋಡಿ ಕೊಡುತ್ತಾರೆ, ಎರಡು ಮೂರು ತಿಂಗಳು ನಿಲ್ಲುತ್ತದೆ. ನಿಮ್ಮೂರಿನ ಪಶು ವೈದ್ಯರನ್ನು ಕೇಳಿ. ಶಿವಮೊಗ್ಗಕ್ಕೆ ಹೋಗುವುದಿದ್ದರೆ ಪಶುವೈದ್ಯಕೀಯ ಕಾಲೇಜಿದೆ. ದನಕ್ಕೆ ತಂದ ಉಣುಗಿನ ಔಷಧಿ ಅಮಿಟ್ರಾಜ್ ಉಳಿದಿದೆ ಅಂತ ಬೆಕ್ಕಿಗೆ ಹಚ್ಚಬೇಡಿ. ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ.

ಹೊಸನಗರದ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡನೆಯವರಿಗೇ ಹೇಳಿದೆ, ಅಡಿಕೆ ಎತ್ತಿದ ಮೇಲೆ ಬರುತ್ತಾರೆ. ಲೈಸೆನ್ಸ್ ಕೇಳಿದ್ದಕ್ಕೆ ಅವರೇ ವಾಟ್ಸಾಪ್ ಮಾಡಿದರು. ದರಗಿನ ವಿಷಯ ಅತ್ತೆಯವರಿಗೆ ಓದಿ ಹೇಳಿದೆ, ಈ ವರ್ಷ ಕೊಟ್ಟಿಗೆಗೆ ಭತ್ತದ ಹುಲ್ಲೇ ಹಾಸೋಣ ಅಂದರು. ಇನ್ನೊಂದು ಪ್ರಶ್ನೆ: ಹೊಡೆದ ಮೇಲೆ ಮಗು, ಬೆಕ್ಕನ್ನು ಯಾವಾಗ ಒಳಗೆ ಬಿಡಬಹುದು?

ಹಳೇ ಸ್ಪ್ರೇಯರ್:

ಪೂರ್ತಿ ಒಣಗಿ, ಕಿಟಕಿ ತೆಗೆದು ಗಾಳಿ ಆಡಿದ ಮೇಲೆ. ಮಲೆನಾಡಿನ ಮನೆ, ತಂಪು ಜಾಸ್ತಿ, ಒಣಗಲು ಹೊತ್ತು ಹಿಡಿಯುತ್ತದೆ. ಆಗುತ್ತೆ ಅಂದರೆ ಆ ರಾತ್ರಿ ಮಗುವನ್ನು ತವರಿಗೆ ಕರೆದುಕೊಂಡು ಹೋಗಿ.