ಬೊಂಬಾಯಿಗೆ ಹೋಗುವವರು ಮೂಡುದಿಕ್ಕಿನ ನೀರನ್ನೂ ನೋಡಿ ಬನ್ನಿ

ಮಾಣಿ, ನಿನ್ನ ಮೆಸೇಜ್ ನೋಡಿದೆ. ಡಿಸೆಂಬರ್ ರಜೆಯಲ್ಲಿ ನನ್ನ ಅಣ್ಣ ಅತ್ತಿಗೆಯನ್ನು ಬೊಂಬಾಯಿಗೆ ಕರೆದುಕೊಂಡು ಹೋಗುತ್ತೇನೆ, ಮೊನ್ನೆ ಹೋಗಿಬಂದ ಚಿಕ್ಕಪ್ಪನಾದ ನನಗೆ ಹಳೇ ಊರಿನ ಗುರುತು ಸಿಕ್ಕಿತಾ, ಏನೇನು ನೋಡಬೇಕು ಎಂದು ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಇದ್ದವರು ಆಮೇಲೆ ಕೇಳಿ.

ನಿನ್ನ ಪಟ್ಟಿಯಲ್ಲಿ ಇರುವುದು ಮರೀನ್ ಡ್ರೈವ್, ಜುಹು, ಹಾಜಿ ಅಲಿ, ಸೀ ಲಿಂಕ್. ಎಲ್ಲ ಪಡುಗಡಲು. ನೋಡಿ, ಬೇಡ ಎನ್ನುವುದಿಲ್ಲ. ಆದರೆ ಬೊಂಬಾಯಿಯ ಹೊಟ್ಟೆ ತುಂಬಿಸಿದ್ದು ಮೂಡುದಿಕ್ಕಿನ ನೀರು. ಬಂದರು ಇರುವುದು ಆ ಬದಿಯಲ್ಲಿ. ಟೂರಿಗೆ ಹೋದವರು ಆ ಕಡೆ ತಲೆ ಹಾಕುವುದೇ ಇಲ್ಲ.

ನಾನು ಹಡಗಿನ ಸರಕಿನ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಇದ್ದವನು, ನಿನಗೆ ಗೊತ್ತಲ್ಲ. ಬೆಲಾರ್ಡ್ ಎಸ್ಟೇಟಿನ ಕಸ್ಟಮ್ಸ್ ಹೌಸಿಗೂ ಹಡಗು ನಿಲ್ಲುವ ಡಾಕಿಗೂ ದಿನವಿಡೀ ಓಡಾಟ. ಗ್ರೀನ್ ಗೇಟ್, ರೆಡ್ ಗೇಟ್, ಯೆಲ್ಲೋ ಗೇಟ್ ಎಂದು ಗೇಟುಗಳಿಗೆಲ್ಲ ಬಣ್ಣದ ಹೆಸರು. ಪಾಸ್ ತೋರಿಸದೆ ಒಳಗೆ ಬಿಡುವುದಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಉದ್ದದ ಗೋಡೆ ಮಾತ್ರ. ಒಳಗೆ ಹೋದ ನಾನಾದರೂ ಕಡಲು ನೋಡಿದ್ದೆನಾ? ನೋಡಿದ್ದು ಬಿಲ್ ಆಫ್ ಎಂಟ್ರಿ ಎಂಬ ಆಮದಿನ ಕಾಗದ, ಪೆಟ್ಟಿಗೆಯ ನಂಬರು, ಸಾಹೇಬರ ಸಹಿ. ಅಷ್ಟೇ.

ಈ ಸಲ ಟ್ಯಾಕ್ಸಿಯಲ್ಲಿ ಈಸ್ಟರ್ನ್ ಫ್ರೀವೇ ಹತ್ತಿದೆ. 2013ರಲ್ಲಿ ಬಂದ ಮೇಲ್ರಸ್ತೆ ಅದು. ಆರೆಂಜ್ ಗೇಟ್ ಹತ್ತಿರ ಹತ್ತಿದರೆ ಚೆಂಬೂರಿನ ಕಡೆ ಇಳಿಸುತ್ತದೆ. ಪಾಸೂ ಬೇಡ, ಗೇಟೂ ಇಲ್ಲ, ಮೇಲಿನಿಂದ ಗೋದಾಮು, ಕ್ರೇನು ಎಲ್ಲ ಕಾಣುತ್ತವೆ. ಆದರೆ ನಾನು ಕಂಡ ಗಲಾಟೆ ಈಗಿಲ್ಲ. 1989ರಲ್ಲಿ ಎದುರು ದಡದಲ್ಲಿ ನ್ಹಾವಾ ಶೇವಾ ಬಂದರು ಶುರುವಾಯಿತು. ಕಂಟೇನರ್‌ಗಳೆಲ್ಲ ನಿಧಾನಕ್ಕೆ ಅಲ್ಲಿಗೇ ಹೋದವು. ದೊಡ್ಡ ಹಡಗಿಗೆ ಆಳದ ನೀರು ಬೇಕು, ಕಂಟೇನರ್ ಇಡಲು ವಿಶಾಲ ಜಾಗ ಬೇಕು. ಊರಿನ ಮಧ್ಯೆ ಸಿಕ್ಕಿಕೊಂಡ ಹಳೇ ಡಾಕಿಗೆ ಅದೆಲ್ಲಿ ಸಾಧ್ಯ? ಇಂದಿರಾ ಡಾಕ್ ಮಾತ್ರ ಇನ್ನೂ ನಡೆಯುತ್ತಿದೆ. ಅಲ್ಲಿಂದ ಹೊಸ ಕಾರುಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತವೆ. ಪ್ರಿನ್ಸಸ್ ಡಾಕ್, ವಿಕ್ಟೋರಿಯಾ ಡಾಕ್ ಎರಡನ್ನೂ ಮಣ್ಣು ಹಾಕಿ ಮುಚ್ಚಿದ್ದಾರೆ.

ವಿಕ್ಟೋರಿಯಾ ಡಾಕ್ ಎಂದರೆ ಸುಮ್ನೆ ಜಾಗ ಅಲ್ಲ. 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದದ್ದು ಅಲ್ಲಿಯೇ. ಯುದ್ಧದ ಮದ್ದುಗುಂಡು, ಹತ್ತಿ, ಚಿನ್ನದ ಗಟ್ಟಿ ಎಲ್ಲ ಒಂದೇ ಹಡಗಿನಲ್ಲಿ! ಹತ್ತಿಗೆ ಬೆಂಕಿ ಬಿತ್ತು, ಆಮೇಲೆ ಕೇಳಬೇಕೇ? ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರೇ 66 ಮಂದಿ. ಇವತ್ತಿಗೂ ದೇಶದಲ್ಲೆಲ್ಲ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುವುದು ಇದೇ ಕಾರಣಕ್ಕೆ. ಹಾರಿಹೋದ ಚಿನ್ನದ ಗಟ್ಟಿ ಎಷ್ಟೋ ವರ್ಷಗಳ ಮೇಲೂ ಹೂಳೆತ್ತುವಾಗ ಸಿಕ್ಕಿದೆ. ನಮ್ಮ ಆಫೀಸಿನ ಹಿರಿಯರು ಮಧ್ಯಾಹ್ನದ ಊಟದ ಹೊತ್ತಿಗೆ ಇದನ್ನೇ ಹೇಳುತ್ತಿದ್ದರು. ಪ್ರತಿ ಸಲ ಚಿನ್ನ ಸ್ವಲ್ಪ ಜಾಸ್ತಿ ಆಗುತ್ತಿತ್ತು, ಅದು ಬೇರೆ ಮಾತು.

ಬೆಲಾರ್ಡ್ ಎಸ್ಟೇಟಿನಲ್ಲಿ ಭಾನುವಾರ ಬೆಳಿಗ್ಗೆ ನಡೆದಾಡಿ. ಇಂದಿರಾ ಡಾಕ್ ತೋಡಿದಾಗ ತೆಗೆದ ಮಣ್ಣು ತುಂಬಿಯೇ ಆ ನೆಲ ಮಾಡಿದ್ದು. ಆಗ ಆ ಡಾಕಿನ ಹೆಸರು ಅಲೆಕ್ಸಾಂಡ್ರಾ ಡಾಕ್. ಕಟ್ಟಡಗಳೆಲ್ಲ ಒಂದೇ ಎತ್ತರ. ಅಷ್ಟು ವರ್ಷ ಅದರ ಕೆಳಗೆ ಓಡಾಡಿದರೂ ನಾನು ತಲೆ ಎತ್ತಿ ನೋಡಿದ್ದು ಈ ಸಲವೇ. ಫೈಲು ಕೈಯಲ್ಲಿದ್ದವನಿಗೆ ಕಮಾನು ಎಲ್ಲಿ ಕಾಣುತ್ತದೆ?

ಅಣ್ಣನಿಗೆ ತೋರಿಸಲೇಬೇಕಾದದ್ದು ಭಾವೂಚಾ ಧಕ್ಕಾ, ಮೀನುದೋಣಿ, ಫೆರ್ರಿ ನಿಲ್ಲುವ ಧಕ್ಕೆ. ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿ. ಬೆಳಿಗ್ಗೆ ಬೇಗ ಹೋದರೆ ಮೀನು ಇಳಿಸುವ ಗದ್ದಲ. ಅಣ್ಣ ಮಲ್ಪೆಯಲ್ಲಿ ನೋಡಿದ್ದೇ ಆದರೂ ಬಿಟ್ಟು ಬರುವುದಿಲ್ಲ ನೋಡು. ಅಲ್ಲಿಂದಲೇ ಎದುರು ದಡದ ಮಾಂಡ್ವಾಕ್ಕೆ ಕಾರು ಸಮೇತ ಜನರನ್ನು ಒಯ್ಯುವ ದೊಡ್ಡ ಫೆರ್ರಿ ಇದೆ, 2020ರಿಂದ. ಹೆಚ್ಚುಕಡಿಮೆ ಒಂದು ಗಂಟೆ. ಮೇಲಿನ ಡೆಕ್ಕಿನಲ್ಲಿ ನಿಂತು ಹಿಂದೆ ತಿರುಗಿದರೆ ಇಡೀ ಊರು ಸಾಲಾಗಿ ನಿಂತಿರುತ್ತದೆ. ಇನ್ನೊಂದು ಬದಿ ನೋಡಿದರೆ ಸರದಿ ಕಾಯುವ ಹಡಗುಗಳು. ನನ್ನ ಕಾಗದದಲ್ಲಿ ಬರೀ ಹೆಸರಾಗಿದ್ದ ಹಡಗುಗಳು ಇಷ್ಟು ದೊಡ್ಡವು ಎಂದು ಕಣ್ಣಿಗೆ ಬಿದ್ದದ್ದು ಆ ಡೆಕ್ಕಿನ ಮೇಲೆ. ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕಿಂತ ಇದೇ ವಾಸಿ ಎನ್ನುತ್ತೇನೆ. ಅಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲು, ಅತ್ತಿಗೆಯ ಮೊಣಕಾಲಿಗೆ ಆಗುವುದಿಲ್ಲ. ಹೋಗಲೇಬೇಕು ಎಂದಿದ್ದರೆ ಸೋಮವಾರ ಬಿಟ್ಟು ಹೋಗಿ, ಅವತ್ತು ಗುಹೆ ಮುಚ್ಚಿರುತ್ತದೆ.

ಅಟಲ್ ಸೇತುವೆ ಬಗ್ಗೆಯೂ ನೀನು ಕೇಳಿದ್ದೆ ಅಲ್ವಾ? 2024ರ ಜನವರಿಯಲ್ಲಿ ಶುರುವಾಯಿತು, ಒಟ್ಟು ಸುಮಾರು 22 ಕಿಲೋಮೀಟರ್. ಶಿವಡಿಯಿಂದ ಹೊರಟು ನೀರಿನ ಮೇಲೆಯೇ ನ್ಹಾವಾ ಶೇವಾ ಕಡೆ ಹೋಗುತ್ತದೆ. ಮಧ್ಯೆ ಫೋಟೋಗೆ ಎಂದು ಕಾರು ನಿಲ್ಲಿಸಬೇಡ, ದಂಡ ಬೀಳುತ್ತದೆ. ಶಿವಡಿಯಲ್ಲಿ ಇಳಿತದ ಹೊತ್ತಿಗೆ ಕೆಸರಿನ ಮೇಲೆ ಫ್ಲೆಮಿಂಗೋ ಹಕ್ಕಿಗಳು. ಡಿಸೆಂಬರಿಗೆ ಬರಲು ಶುರುವಾಗಿರುತ್ತವೆ, ಗುಂಪು ದೊಡ್ಡದಾಗುವುದು ಆಮೇಲೆ.

ಊಟಕ್ಕೆ ಒಂದು ದಿನ ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಇದೆ, ಬಾಳೆಎಲೆ ಊಟ. ಮಧ್ಯಾಹ್ನ ಸಾಲು ಇರುತ್ತದೆ, ಬೇಗ ಹೋಗಿ.

ಲೋಕಲ್‌ನಲ್ಲಿ ಅಣ್ಣನನ್ನು ಹತ್ತಿಸುವುದಾದರೆ ಹಾರ್ಬರ್ ಲೈನ್, ಹನ್ನೊಂದು ಗಂಟೆಯ ಮೇಲೆ. ಮತ್ಸ್ಯಗಂಧ ರೈಲಿನ ಟಿಕೆಟ್ ಈಗಲೇ ಮಾಡು, ರಜೆಯಲ್ಲಿ ಸಿಗುವುದಿಲ್ಲ. ಅತ್ತಿಗೆಗೆ ಲೋವರ್ ಬರ್ತ್ ಕೇಳು.