ಪುಟ್ಟಿಯ ಕಾಲುನೋವಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ ವಿಷಯ ನಮ್ಮ ಮನೆಯವರ ಗುಂಪಲ್ಲಿ ಈಗ ನೋಡಿದೆ ಕಣೇ. "ದೊಡ್ಡಮ್ಮ, ಮೊಣಕಾಲಿನ ಕೆಳಗೆ ಮೂಳೆ ಮೇಲೆ ಒಂದೇ ಕಡೆ ನೋವು ಅಂತಾಳೆ, ಎಕ್ಸ್‌ರೇನಲ್ಲಿ ಏನೂ ಇಲ್ಲ, ಇನ್ನು ಮೂರು ವಾರಕ್ಕೆ ಬೆಂಗಳೂರಲ್ಲಿ 10 ಕೆ (ಹತ್ತು ಕಿಲೋಮೀಟರ್ ಓಟ), ಓಡಲಿ ಅಂತ ಬಿಡಲಾ?" ಅಂತ ಕೇಳಿದ್ದೀಯ. ಬೇಡ. ಒಂದೇ ಜಾಗ ಬೆರಳಿಟ್ಟು ತೋರಿಸುವ ನೋವಿದ್ದರೆ ಓಡಿಸಬಾರದು, ಮೂಳೆ ಸಣ್ಣಗೆ ಬಿರುಕು ಬಿಟ್ಟಿರಬಹುದು.

ನನ್ನ ಕಾಲಿನ ಕಥೆ ನಿಮ್ಮಮ್ಮನಿಗೆ ಗೊತ್ತು. 1986. ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ ಗೆದ್ದಿದ್ದರು. ರಿಲೇ ತಂಡದಲ್ಲಿ ನಮ್ಮ ಕರ್ನಾಟಕದ ವಂದನಾ ರಾವ್ ಕೂಡ ಇದ್ದರು. ಆ ಹುಮ್ಮಸ್ಸಿನಲ್ಲಿ ನಾನು ದಿನಕ್ಕೆ ಎರಡು ಸಲ ಓಡುತ್ತಿದ್ದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ, ಸಂಜೆ ಚಾಮುಂಡಿ ಬೆಟ್ಟದ ಟಾರು ರಸ್ತೆ. ಬೆಟ್ಟ ಹತ್ತುವಾಗ ಉಸಿರು ಕಟ್ಟುತ್ತೆ ಅಷ್ಟೆ, ಮೂಳೆಗೆ ಏಟು ಬೀಳುವುದು ಇಳಿಯುವಾಗ. ಕಾಲಲ್ಲಿ ಅಟ್ಟೆ ಸವೆದ ಬಿಳಿ ಕ್ಯಾನ್ವಾಸ್ ಶೂ.

ಮೊದಮೊದಲು ಓಟ ಶುರುವಾದಾಗ ನೋವು, ಮೈ ಬಿಸಿಯಾದರೆ ಮಾಯ. ಆಮೇಲೆ ಓಟ ಮುಗಿದ ಮೇಲೂ ಉಳಿಯಿತು. ಆಮೇಲೆ ರಾತ್ರಿ ಮಲಗಿದಾಗಲೂ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಹೆಬ್ಬೆರಳಲ್ಲಿ ಒತ್ತಿದರೆ ಜೀವ ಹೋಗುತ್ತಿತ್ತು. ಕೋಚ್ ಎಕ್ಸ್‌ರೇ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, "ಏನೂ ಇಲ್ಲ, ಎಣ್ಣೆ ತಿಕ್ಕಿ ಓಡು" ಅಂದರು. ಓಡಿದೆ. ಆಯ್ಕೆ ಸ್ಪರ್ಧೆಯ 3000 ಮೀಟರ್ ಓಟ, ಐದನೇ ಸುತ್ತಿನ ತಿರುವು. ಒಣಕಟ್ಟಿಗೆ ಮುರಿದ ಹಾಗೆ ಕಾಲೊಳಗೆ ಸದ್ದು. ಮೂರು ತಿಂಗಳು ಪ್ಲಾಸ್ಟರ್. ಮತ್ತೆಂದೂ ನಾನು ಆ ಆಯ್ಕೆಗೆ ನಿಲ್ಲಲಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ. ಮೂಳೆ ಉದ್ದಕ್ಕೂ ಹರಡಿದ ನೋವಾದರೆ ಓಟ ಕಡಿಮೆ ಮಾಡಿ ನೋಡಬಹುದು. ಬೆರಳಿಟ್ಟು ತೋರಿಸುವ ನೋವಿಗೆ ಓಟ ಬಂದ್.

ಇನ್ನೊಂದು ಮಾತು. ಗುಂಪಲ್ಲಿ ಗಂಡಸರಿದ್ದಾರೆ, ಇರಲಿ, ಅವರೂ ಕೇಳಲಿ. ಆಗ ನನಗೆ ಆರು ತಿಂಗಳಿಂದ ಮುಟ್ಟಾಗಿರಲಿಲ್ಲ. ಸಣ್ಣಗಾದಷ್ಟೂ ಜೋರಾಗಿ ಓಡ್ತೀಯ ಅಂತ ಕೋಚ್ ರಾತ್ರಿ ಊಟ ಬಿಡಿಸಿದ್ದರು. ಓಡುವಷ್ಟಕ್ಕೆ ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತೆ, ಮೂಳೆಯೂ ಬಡವಾಗುತ್ತೆ. ಒಬ್ಬರೂ ಅದನ್ನು ಕೇಳಲಿಲ್ಲ. ಮನೆಯಲ್ಲಿ ದಿನಾ ಮೊಟ್ಟೆ ನಿಮ್ಮ ಸೋದರಮಾವನಿಗೆ, ಹತ್ತು ಕಿಲೋಮೀಟರ್ ಓಡಿ ಬಂದ ನನಗೆ ತಿಳಿಸಾರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ "ಇವಳನ್ನ ಇನ್ಯಾರು ಮದುವೆ ಆಗ್ತಾರೆ" ಅಂದರು ನಿಮ್ಮಜ್ಜಿ. ನೋಯ್ತಿದೆಯಾ ಅಂತ ಕೇಳಲಿಲ್ಲ. ಇವತ್ತಿಗೂ ಅದು ಮನಸ್ಸಲ್ಲಿದೆ.

ಅಯ್ಯೋ, ಮಾಡಬೇಕಾದ್ದೇ ಹೇಳಲಿಲ್ಲ. ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದವಳು ಒಂದೇ ತಿಂಗಳಲ್ಲಿ 45ಕ್ಕೆ ಹೋದಳು ಅಂತ ಮೊನ್ನೆ ಖುಷಿಯಿಂದ ಹಾಕಿದ್ದೆಯಲ್ಲ, ನನಗೆ ಅದರ ಮೇಲೇ ಅನುಮಾನ. ಉಸಿರು ಬೇಗ ಪಳಗುತ್ತೆ, ಮೂಳೆ ನಿಧಾನ. ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಿ ಎಂಆರ್‌ಐ ಸ್ಕ್ಯಾನ್ ಬೇಕಾ ಅಂತ ಕೇಳು. ಹೊಸ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇನಲ್ಲಿ ಕಾಣದೇ ಇರಬಹುದು. ವಿಟಮಿನ್ ಡಿ, ಕಬ್ಬಿಣದ ರಕ್ತ ಪರೀಕ್ಷೆ ಮಾಡಿಸು. ಮುಟ್ಟು ತಿಂಗಳು ತಿಂಗಳು ಆಗ್ತಿದೆಯಾ ಅಂತ ನೀನೇ ಅವಳನ್ನ ಕೂರಿಸಿಕೊಂಡು ಕೇಳು. ಬಿರುಕು ಅಂತಾದರೆ ಆರರಿಂದ ಎಂಟು ವಾರ ಓಟವಿಲ್ಲ, ಡಾಕ್ಟರು ಒಪ್ಪಿದರೆ ಈಜು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ, ಮಣ್ಣಿನ ಮೇಲೆ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ. ಶಾಲೆಯಲ್ಲಿ ನಾನು ಓಟ ಕಲಿಸಿದ ಹುಡುಗಿಯರನ್ನೆಲ್ಲ ಹಾಗೇ ಓಟಕ್ಕೆ ವಾಪಸ್ ತಂದದ್ದು.

10 ಕೆಗೆ ಕಟ್ಟಿದ ದುಡ್ಡು ಹೋಗಲಿ ಬಿಡು. ಅವಳು ಅತ್ತರೆ ನನಗೆ ಫೋನ್ ಕೊಡು, ಸಂಜೆ ಐದರ ಮೇಲೆ ಮನೆಯಲ್ಲೇ ಇರ್ತೀನಿ.